ಪ್ರಥಮ ವರ್ಷದ ಭೌತಶಾಸ್ತ್ರಕ್ಕೆ ಬೋಧನಾ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಪದವಿಯ ಮೊದಲ ವರ್ಷ ಭೌತಶಾಸ್ತ್ರ ಓದುತ್ತಿರುವವರು ನಮ್ಮ ವಿಭಾಗದ ನೆರವು ಕೊಠಡಿಗೆ ಬಂದಾಗ, ಮತ್ತು ಅದಕ್ಕಿಂತ ಹೆಚ್ಚಾಗಿ ಬರಬೇಕೋ ಬೇಡವೋ ಎಂದು ಬಾಗಿಲಲ್ಲಿ ನಿಂತಾಗ, ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ನೆರವು ಕೊಠಡಿ ಎಂದರೆ ಟ್ಯೂಷನ್ ತಾನೆ?

ಅಲ್ಲ. ಟ್ಯೂಷನ್ನಿನಲ್ಲಿ ಪಾಠವನ್ನು ಮತ್ತೊಮ್ಮೆ ಮಾಡುತ್ತಾರೆ. ಇಲ್ಲಿ ಪಾಠ ನಡೆಯುವುದಿಲ್ಲ. ತರಗತಿಯಲ್ಲಿ ಕೇಳಿದ ಪಾಠ, ಪುಸ್ತಕದಲ್ಲಿ ಓದಿದ ಅಧ್ಯಾಯ ಅಥವಾ ಬಿಡಿಸಲು ಕೂತ ಲೆಕ್ಕ ಎಲ್ಲಿ ಕೈಕೊಟ್ಟಿತು ಎಂಬುದನ್ನು ನಿಮ್ಮ ಜೊತೆ ಕೂತು ಹುಡುಕುವುದಷ್ಟೇ ಇಲ್ಲಿನ ಕೆಲಸ. ನೆರವು ನೀಡುವವರು ಎಂ.ಎಸ್ಸಿ. ವಿದ್ಯಾರ್ಥಿಗಳು ಮತ್ತು ವಿಭಾಗದ ಅಧ್ಯಾಪಕರು. ಸಾಮಾನ್ಯವಾಗಿ ಒಂದು ಮೇಜಿಗೆ ಮೂವರು ನಾಲ್ವರು ಕೂರುತ್ತಾರೆ, ಏಕೆಂದರೆ ಒಬ್ಬರ ಅನುಮಾನ ಉಳಿದವರದೂ ಆಗಿರುತ್ತದೆ.

ಇದಕ್ಕೆ ಶುಲ್ಕವಿದೆಯೇ? ಹೆಸರು ನೋಂದಾಯಿಸಬೇಕೇ?

ಶುಲ್ಕವಿಲ್ಲ, ನೋಂದಣಿಯೂ ಬೇಕಿಲ್ಲ. ಇಲ್ಲಿಗೆ ಬಂದದ್ದು ನಿಮ್ಮ ಹಾಜರಾತಿಗೂ ಸೇರುವುದಿಲ್ಲ, ಇಂಟರ್ನಲ್ಸ್ ಅಂಕಗಳಿಗೂ ಸೇರುವುದಿಲ್ಲ.

ಪಿಯುಸಿಯಲ್ಲಿ ಭೌತಶಾಸ್ತ್ರಕ್ಕೆ ಒಳ್ಳೆಯ ಅಂಕಗಳೇ ಬಂದಿದ್ದವು. ಈಗ ಮೊದಲ ಟೆಸ್ಟಿನಲ್ಲೇ ಎಡವಿದ್ದೇನೆ. ಏನಾಯಿತು?

ವಿಷಯ ಒಮ್ಮೆಗೇ ಕಷ್ಟವಾಗಿಬಿಟ್ಟಿತು ಎಂಬುದು ಪೂರ್ತಿ ನಿಜವಲ್ಲ. ಮೊದಲ ವರ್ಷದ ಯಂತ್ರಶಾಸ್ತ್ರದಲ್ಲಿ ಬರುವ ನ್ಯೂಟನ್ನನ ನಿಯಮಗಳು, ಕಾರ್ಯ ಮತ್ತು ಶಕ್ತಿ, ಸಂವೇಗ, ಆವರ್ತನ ಚಲನೆ ಇವೆಲ್ಲವನ್ನೂ ನೀವು ಪಿಯುಸಿಯಲ್ಲಿ ಒಮ್ಮೆ ದಾಟಿ ಬಂದಿದ್ದೀರಿ. ಬದಲಾಗಿರುವುದು ಕೇಳುವ ರೀತಿ. ಸಿಇಟಿಯಲ್ಲಿ ಭೌತಶಾಸ್ತ್ರಕ್ಕೆ 80 ನಿಮಿಷಗಳಲ್ಲಿ 60 ಪ್ರಶ್ನೆಗಳು. ಅಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು. ಅದಕ್ಕಾಗಿ ಎರಡು ವರ್ಷ ತಯಾರಾದವರಿಗೆ ಪ್ರಶ್ನೆಯನ್ನು ಕಂಡೊಡನೆ ಸೂತ್ರ ಹುಡುಕುವ, ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಆಗದವನ್ನು ಹೊಡೆದುಹಾಕುವ ಅಭ್ಯಾಸ ಕೈಗೆ ಬಂದಿರುತ್ತದೆ. ಅದು ಆ ಪರೀಕ್ಷೆಗೆ ತಕ್ಕ ಜಾಣತನವೇ ಸರಿ. ಆದರೆ ಪದವಿಯ ಪ್ರಶ್ನೆಪತ್ರಿಕೆಯಲ್ಲಿ ಆಯ್ಕೆಗಳಿಲ್ಲ. ಖಾಲಿ ಹಾಳೆಯಲ್ಲಿ ಚಿತ್ರ ಬರೆದು, ಏನನ್ನು ಊಹಿಸಿಕೊಂಡಿದ್ದೀರಿ ಎಂಬುದನ್ನು ಹೇಳಿ, ಒಂದು ಸಾಲಿನಿಂದ ಮುಂದಿನ ಸಾಲಿಗೆ ಏಕೆ ಹೋದಿರಿ ಎಂದು ತೋರಿಸಬೇಕು. ಈ ಅಭ್ಯಾಸ ಮೂಡಲು ಸಾಕಷ್ಟು ಸಮಯ ಬೇಕಾಗುತ್ತದೆ, ಅದಕ್ಕೆ ನಾಚಿಕೊಳ್ಳಬೇಕಾದ್ದೇನೂ ಇಲ್ಲ.

ನನ್ನ ಅಸೈನ್‌ಮೆಂಟಿನ ಲೆಕ್ಕಗಳನ್ನು ಬಿಡಿಸಿಕೊಡುತ್ತೀರಾ?

ಇಲ್ಲ. ಈ ಉತ್ತರದಿಂದ ಕೆಲವರಿಗೆ ಬೇಸರವಾಗುತ್ತದೆಂದು ಗೊತ್ತಿದ್ದೂ ನಾವು ಇದನ್ನು ಸಡಿಲಿಸಿಲ್ಲ. ನೀವು ಬರೆದು ತಂದದ್ದು ಅರ್ಧವಾಗಿರಲಿ, ತಪ್ಪಾಗಿರಲಿ, ಚಿಂತೆಯಿಲ್ಲ. ಅಲ್ಲಿಂದ ಮುಂದಕ್ಕೆ ಕೈಹಿಡಿದು ನಡೆಸುತ್ತೇವೆ. ಏನನ್ನೂ ಬರೆಯದೆ ಪ್ರಶ್ನೆಯ ಫೋಟೊ ಮಾತ್ರ ತೋರಿಸಿದರೆ, ಮೊದಲು ಹತ್ತು ನಿಮಿಷ ಪಕ್ಕದ ಮೇಜಿನಲ್ಲಿ ಕೂತು ಚಿತ್ರವನ್ನಾದರೂ ಬರೆದು ತನ್ನಿ ಎನ್ನುತ್ತೇವೆ.

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಪ್ರತಿ ಸೆಮಿಸ್ಟರಿನಲ್ಲೂ ಮೇಜಿಗೆ ಬರುವ ಒಂದು ಲೆಕ್ಕವನ್ನು ನೋಡಬಹುದು. 30 ಡಿಗ್ರಿ ಇಳಿಜಾರಿನ ಹಲಗೆಯ ಮೇಲೆ 2 ಕಿಲೋಗ್ರಾಂ ದ್ರವ್ಯರಾಶಿಯ ದಿಮ್ಮಿಯೊಂದು ಜಾರುತ್ತಿದೆ, ಘರ್ಷಣಾಂಕ 0.3, ವೇಗೋತ್ಕರ್ಷ ಎಷ್ಟು? ಅನೇಕರು ಹಲಗೆ ದಿಮ್ಮಿಯನ್ನು ತಳ್ಳುವ ಲಂಬ ಬಲವನ್ನು ಯೋಚನೆಯೇ ಇಲ್ಲದೆ ದಿಮ್ಮಿಯ ಪೂರ್ತಿ ತೂಕಕ್ಕೆ, ಅಂದರೆ 19.6 ನ್ಯೂಟನ್‌ಗೆ, ಸಮವೆಂದು ಬರೆದುಬಿಡುತ್ತಾರೆ. ಆಗ ಘರ್ಷಣೆ 5.88 ನ್ಯೂಟನ್ ಆಗಿ, ವೇಗೋತ್ಕರ್ಷ 1.96 ಎಂದು ಬರುತ್ತದೆ. ಲೆಕ್ಕ ನೀಟಾಗಿದೆ, ಉತ್ತರ ಮಾತ್ರ ತಪ್ಪು. ಇಲ್ಲಿ ನಾವು ಸರಿಯಾದ ಸೂತ್ರವನ್ನು ಹೇಳುವುದಿಲ್ಲ. ಹಲಗೆಯನ್ನು ಪೂರ್ತಿ ನೆಟ್ಟಗೆ, ಗೋಡೆಯಂತೆ ನಿಲ್ಲಿಸಿದರೆ ಅದು ದಿಮ್ಮಿಯನ್ನು ಎಷ್ಟು ಬಲದಿಂದ ಒತ್ತುತ್ತದೆ ಎಂದು ಕೇಳುತ್ತೇವೆ. ಒತ್ತುವುದೇ ಇಲ್ಲ ಎಂದು ಯಾರಾದರೂ ಹೇಳುತ್ತಾರೆ. ಹಾಗಾದರೆ ಕೋನ ಸೊನ್ನೆಯಿದ್ದಾಗ ಪೂರ್ತಿ ತೂಕವಾಗಿಯೂ, 90 ಇದ್ದಾಗ ಸೊನ್ನೆಯಾಗಿಯೂ ಇರುವ ಬೆಲೆ ಯಾವುದು? ಕಾಸ್ ಎಂಬ ಉತ್ತರ ತಾನಾಗಿ ಬರುತ್ತದೆ. ಈಗ ಲಂಬ ಬಲ ಸುಮಾರು 16.97 ನ್ಯೂಟನ್, ಘರ್ಷಣೆ 5.09, ಇಳಿಜಾರಿನ ದಿಕ್ಕಿನಲ್ಲಿ ಎಳೆಯುವ ತೂಕದ ಅಂಶ 9.8, ವೇಗೋತ್ಕರ್ಷ ಸುಮಾರು 2.35. ಇಡೀ ಮಾತುಕತೆಗೆ ಹಿಡಿಯುವ ಹೊತ್ತು ಕಾಲು ಗಂಟೆ. ಸೂತ್ರ ಹೇಳಿಬಿಟ್ಟಿದ್ದರೆ ಅರ್ಧ ನಿಮಿಷ ಸಾಕಿತ್ತು. ಆದರೆ ಕಾಲು ಗಂಟೆ ಕೊಟ್ಟ ವಿದ್ಯಾರ್ಥಿ ಸೈನ್ ಬರಬೇಕೋ ಕಾಸ್ ಬರಬೇಕೋ ಎಂಬ ಗೊಂದಲಕ್ಕೆ ಮತ್ತೆ ಬೀಳುವುದು ಅಪರೂಪ.

ಥಿಯರಿ ಚೆನ್ನಾಗಿ ಅರ್ಥವಾಗುತ್ತದೆ, ನ್ಯೂಮರಿಕಲ್ಸ್ ಮಾತ್ರ ಬರುವುದಿಲ್ಲ. ಇದಕ್ಕೇನು ಮಾಡಬೇಕು?

ಇದು ನಮ್ಮ ಬಳಿ ಅತಿ ಹೆಚ್ಚು ಬರುವ ದೂರು, ಮತ್ತು ನಾವು ಅಷ್ಟು ಸುಲಭವಾಗಿ ನಂಬದ ದೂರೂ ಹೌದು. ಥಿಯರಿ ಅರ್ಥವಾಗಿದೆ ಎಂದವರಿಗೆ ಒಂದು ಸಣ್ಣ ಪ್ರಶ್ನೆ ಕೇಳುತ್ತೇವೆ: ನೆಟ್ಟಗೆ ಮೇಲಕ್ಕೆಸೆದ ಚೆಂಡು ಅತಿ ಎತ್ತರ ಮುಟ್ಟಿದ ಕ್ಷಣದಲ್ಲಿ ಅದರ ವೇಗೋತ್ಕರ್ಷ ಎಷ್ಟು? ಸೊನ್ನೆ ಎಂಬ ಉತ್ತರ ಧೈರ್ಯವಾಗಿ ಬರುತ್ತದೆ. ಆ ಕ್ಷಣದಲ್ಲಿ ಸೊನ್ನೆಯಾಗಿರುವುದು ವೇಗ; ವೇಗೋತ್ಕರ್ಷವೂ ಸೊನ್ನೆಯಾಗಿಬಿಟ್ಟಿದ್ದರೆ ವೇಗ ಬದಲಾಗಲು ಕಾರಣವೇ ಇರುತ್ತಿರಲಿಲ್ಲ, ಚೆಂಡು ಅಲ್ಲೇ ನಿಂತುಬಿಡುತ್ತಿತ್ತು.

ಇದು ನಮ್ಮ ಊರಿನ ವಿದ್ಯಾರ್ಥಿಗಳದಷ್ಟೇ ತೊಡಕಲ್ಲ. 1992ರಲ್ಲಿ ಅಮೆರಿಕದ ಡೇವಿಡ್ ಹೆಸ್ಟೆನಿಸ್ ಮತ್ತು ಸಂಗಡಿಗರು ಬಲದ ಪರಿಕಲ್ಪನೆಯನ್ನು ಅಳೆಯಲು ಲೆಕ್ಕವೇ ಇಲ್ಲದ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಚಲಿಸುತ್ತಿರುವ ವಸ್ತುವಿನ ಮೇಲೆ ಚಲನೆಯ ದಿಕ್ಕಿನಲ್ಲೇ ಬಲವಿರಬೇಕು ಎಂಬಂಥ ನಂಬಿಕೆಗಳು ಒಂದು ಪೂರ್ತಿ ಕೋರ್ಸ್ ಮುಗಿಸಿದವರಲ್ಲೂ ಗಟ್ಟಿಯಾಗಿ ಉಳಿದಿರುತ್ತವೆ ಎಂಬುದು ಅಂಥ ಪರೀಕ್ಷೆಗಳಿಂದ ಕಂಡುಬಂತು. ಹಾರ್ವರ್ಡಿನ ಎರಿಕ್ ಮಜೂರ್ ತಮ್ಮ ವಿದ್ಯಾರ್ಥಿಗಳು ಕಠಿಣ ಲೆಕ್ಕಗಳನ್ನು ಬಿಡಿಸುತ್ತಲೇ ಸರಳ ಪರಿಕಲ್ಪನಾ ಪ್ರಶ್ನೆಗಳಲ್ಲಿ ಎಡವುವುದನ್ನು ಕಂಡು, ವಿದ್ಯಾರ್ಥಿಗಳು ಪಕ್ಕದವರೊಡನೆ ವಾದಿಸಿ ಉತ್ತರಕ್ಕೆ ಬರುವ ಬೋಧನಾ ಕ್ರಮವನ್ನು 1990ರ ದಶಕದಲ್ಲಿ ರೂಢಿಗೆ ತಂದರು. ನಮ್ಮ ಮೇಜಿನಲ್ಲಿ ಮೂವರು ನಾಲ್ವರನ್ನು ಒಟ್ಟಿಗೆ ಕೂರಿಸುವುದರ ಹಿಂದೆ ಜಾಗದ ಅಭಾವವೊಂದೇ ಇಲ್ಲ.

ಹಾಗಾಗಿ ನ್ಯೂಮರಿಕಲ್ಸ್ ಬರುವುದಿಲ್ಲ ಎಂದರೆ ಇನ್ನೂ ಐವತ್ತು ಲೆಕ್ಕ ಬಿಡಿಸಿ ಎಂದು ನಾವು ಹೇಳುವುದಿಲ್ಲ. ಈಗಾಗಲೇ ಬಿಡಿಸಿದ ಐದು ಲೆಕ್ಕಗಳನ್ನು ತೆಗೆದುಕೊಂಡು, ಪ್ರತಿಯೊಂದರಲ್ಲೂ ಯಾವ ವಸ್ತುವಿನ ಮೇಲೆ ಯಾವ ಯಾವ ಬಲ, ಆ ಬಲವನ್ನು ಹಾಕುತ್ತಿರುವುದು ಯಾವುದು ಎಂದು ವಾಕ್ಯದಲ್ಲಿ ಬರೆಯಿರಿ ಎನ್ನುತ್ತೇವೆ. ಬಲ ಹಾಕುತ್ತಿರುವ ವಸ್ತುವಿನ ಹೆಸರು ಹೇಳಲಾಗದಿದ್ದರೆ ಆ ಬಲವನ್ನು ಸೂಚಿಸುವ ಬಾಣ ಚಿತ್ರದಲ್ಲಿ ಇರಬಾರದು.

ನನಗೆ ಗಣಿತವೇ ಕಬ್ಬಿಣದ ಕಡಲೆ. ಹಾಗಿದ್ದೂ ಬರಬಹುದೇ?

ಖಂಡಿತ ಬರಬಹುದು. ಮೊದಲ ಸೆಮಿಸ್ಟರಿಗೆ ನಿಜಕ್ಕೂ ಬೇಕಾಗುವ ಗಣಿತ ನೀವು ಹೆದರಿಕೊಂಡಿರುವಷ್ಟು ದೊಡ್ಡದಲ್ಲ: ಸದಿಶಗಳನ್ನು ಅಂಶಗಳಾಗಿ ಒಡೆಯುವುದು, ಸರಳ ಅವಕಲನ ಮತ್ತು ಅನುಕಲನ, ಸೈನ್ ಕಾಸ್‌ಗಳ ಪರಿಚಯ, ಗ್ರಾಫಿನ ಸ್ಲೋಪ್ ಓದುವುದು, ಲಾಗ್. ಇವುಗಳಲ್ಲಿ ಯಾವುದು ಸಡಿಲವಾಗಿದೆ ಎಂದು ಮೊದಲ ಭೇಟಿಯಲ್ಲೇ ಗುರುತಿಸಿ ಅದಕ್ಕೆ ತಕ್ಕ ಅಭ್ಯಾಸ ಕೊಡುತ್ತೇವೆ. ಕೆಲವೊಮ್ಮೆ ತಪ್ಪು ಗಣಿತದ್ದೇ ಆಗಿರುವುದಿಲ್ಲ. ಸೈನ್ 30ಕ್ಕೆ ನಿಮ್ಮ ಕ್ಯಾಲ್ಕುಲೇಟರ್ ಅರ್ಧದ ಬದಲು ಮೈನಸ್ 0.988 ಎಂದು ತೋರಿಸಿದರೆ ಅದು ರೇಡಿಯನ್ ಮೋಡಿನಲ್ಲಿದೆ ಎಂದರ್ಥ. ಪರೀಕ್ಷಾ ಕೊಠಡಿಯಲ್ಲಿ ಕೂತ ಮೇಲೆ ಮೊದಲು ನೋಡಬೇಕಾದ್ದು ಅದನ್ನು.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಬಹುದೇ?

ಕೇಳಿ. ಇಲ್ಲಿನ ಮಾತುಕತೆಯ ಬಹುಪಾಲು ನಡೆಯುವುದೇ ಕನ್ನಡದಲ್ಲಿ. ಆದರೆ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕಾಗಿರುವುದರಿಂದ, ಅರ್ಥ ಮಾಡಿಕೊಂಡದ್ದನ್ನು ಭೇಟಿಯ ಕೊನೆಗೆ ಇಂಗ್ಲಿಷಿನ ನಾಲ್ಕು ಸಾಲುಗಳಲ್ಲಿ ಬರೆಸಿ ತಿದ್ದಿಕೊಡುತ್ತೇವೆ. ಆ ನಾಲ್ಕು ಸಾಲುಗಳನ್ನು ಉರು ಹೊಡೆಯಬೇಡಿ. ಮುಂದಿನ ಸಲ ಬೇರೆಯದೇ ನಾಲ್ಕು ಸಾಲು ಬರೆದರೆ ಇನ್ನೂ ಒಳ್ಳೆಯದು. ಇಂಗ್ಲಿಷ್ ಸರಾಗವಾಗಿಲ್ಲ ಎಂಬ ಒಂದೇ ಕಾರಣಕ್ಕೆ ತರಗತಿಯಲ್ಲಿ ಕೈಯೆತ್ತದೆ ಕೂತಿರುವ ಒಳ್ಳೆಯ ವಿದ್ಯಾರ್ಥಿಗಳು ಈ ನಗರದ ಕಾಲೇಜುಗಳಲ್ಲಿ ಬೇಕಾದಷ್ಟಿದ್ದಾರೆ, ಮತ್ತು ಇದನ್ನು ಅಧ್ಯಾಪಕರು ಗಮನಿಸುವುದು ಸಾಲದು ಎಂಬುದು ನಮ್ಮ ಅಭಿಪ್ರಾಯ.

ಲ್ಯಾಬ್ ರೆಕಾರ್ಡ್ ಮತ್ತು ವೈವಾಗೂ (ಮೌಖಿಕ ಪರೀಕ್ಷೆಗೂ) ಸಹಾಯ ಮಾಡುತ್ತೀರಾ?

ಮಾಡುತ್ತೇವೆ, ಆದರೆ ರೀಡಿಂಗ್ ‘ಹೊಂದಿಸಿಕೊಡುವ’ ಕೆಲಸವನ್ನು ಮಾಡುವುದಿಲ್ಲ. ಸರಳ ಲೋಲಕದ ಪ್ರಯೋಗವನ್ನೇ ನೋಡಿ. ಗುರುತ್ವ ವೇಗೋತ್ಕರ್ಷ 9.81 ಬರಲೇಬೇಕೆಂದು ರೀಡಿಂಗುಗಳನ್ನು ಹಿಂದಿನಿಂದ ಲೆಕ್ಕಹಾಕಿ ತುಂಬುವವರು ಇದ್ದಾರೆ. ಅದರಲ್ಲೊಂದು ತಮಾಷೆಯಿದೆ: ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಈ ಬೆಲೆ ಸುಮಾರು 9.78. 9.81ಕ್ಕೆ ತಿದ್ದುವವರು ಯೂರೋಪಿನ ಯಾವುದೋ ಊರಿನ ಬೆಲೆಗೆ ತಿದ್ದುತ್ತಿರುತ್ತಾರೆ.

ಹಾಗೆಂದು ಸ್ಟಾಪ್‌ವಾಚ್ ಹಿಡಿದು ನೀವು 9.78 ಮತ್ತು 9.81ರ ನಡುವಿನ ಅಂತರವನ್ನು ಕಾಣಲಾರಿರಿ, ಮತ್ತು ಏಕೆ ಕಾಣಲಾರಿರಿ ಎಂದು ಹೇಳಬಲ್ಲವರಿಗೆ ವೈವಾದಲ್ಲಿ ಭಯವಿರುವುದಿಲ್ಲ. ಒಂದು ಮೀಟರ್ ಉದ್ದದ ಲೋಲಕದ ಒಂದು ಆಂದೋಲನಕ್ಕೆ ಸುಮಾರು 2 ಸೆಕೆಂಡು ಬೇಕು, 20 ಆಂದೋಲನಗಳಿಗೆ 40 ಸೆಕೆಂಡು. ಗುಂಡಿ ಒತ್ತುವಲ್ಲಿ ಕೈ 0.2 ಸೆಕೆಂಡು ತಡವಾದರೆ ಅವಧಿಯಲ್ಲಿ ಶೇಕಡಾ 0.5 ದೋಷ; ಸೂತ್ರದಲ್ಲಿ ಅವಧಿಯ ವರ್ಗವಿರುವುದರಿಂದ ಗುರುತ್ವದ ಬೆಲೆಯಲ್ಲಿ ಶೇಕಡಾ 1, ಅಂದರೆ ಸುಮಾರು 0.1. ಆದ್ದರಿಂದ 9.7 ಬಂದರೂ 9.85 ಬಂದರೂ ಅದು ಪ್ರಾಮಾಣಿಕ ಫಲಿತಾಂಶ. 9.2 ಬಂದರೆ ಮಾತ್ರ ಆಂದೋಲನಗಳನ್ನು ಎಣಿಸುವಲ್ಲಿ ಏನಾದರೂ ಆಗಿದೆಯೇ ಎಂದು ಹುಡುಕಬೇಕು. ಬಿಟ್ಟ ಕ್ಷಣವನ್ನೇ ‘ಒಂದು’ ಎಂದು ಎಣಿಸುವುದು ಬಹು ಹಳೆಯ ತಪ್ಪು, ಆದರೆ ಅದು ಬೆಲೆಯನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ ಎಂಬುದನ್ನು ನೀವೇ ಯೋಚಿಸಿ ನೋಡಿ.

ಇನ್ನೊಂದು ಸಂಗತಿ ಇಲ್ಲಿ ಹೇಳುವಂಥದ್ದು. ದಾರದ ಉದ್ದವನ್ನಷ್ಟೇ ಅಳೆದು ಗುಂಡಿನ ತ್ರಿಜ್ಯ ಸೇರಿಸುವುದನ್ನು ಮರೆತರೆ, ಒಂದೇ ಉದ್ದದ ರೀಡಿಂಗಿನಿಂದ ಕಂಡುಹಿಡಿದ ಬೆಲೆ ತಪ್ಪುತ್ತದೆ. ಅದೇ ಹಲವು ಉದ್ದಗಳಿಗೆ ಅವಧಿಯ ವರ್ಗದ ಗ್ರಾಫ್ ಎಳೆದರೆ ರೇಖೆ ಮೂಲಬಿಂದುವಿನ ಮೂಲಕ ಹಾಯುವುದಿಲ್ಲ ಅಷ್ಟೆ. ಸ್ಲೋಪ್ ಹಾಗೇ ಉಳಿಯುವುದರಿಂದ ಗುರುತ್ವದ ಬೆಲೆ ಸರಿಯಾಗಿಯೇ ಸಿಗುತ್ತದೆ. ರೆಕಾರ್ಡಿನಲ್ಲಿ ಗ್ರಾಫ್ ಹಾಳೆಯನ್ನು ಏಕೆ ಅಂಟಿಸಬೇಕು ಎಂದು ಗೊಣಗುವವರಿಗೆ ನಾವು ಇದನ್ನೇ ತೋರಿಸುತ್ತೇವೆ.

ನಾನು ಇಂಜಿನಿಯರಿಂಗ್ ವಿದ್ಯಾರ್ಥಿ, ಈಗ ಭೌತಶಾಸ್ತ್ರದ ಪತ್ರಿಕೆಯಿರುವ ಸೆಮಿಸ್ಟರಿನಲ್ಲಿ, ಅಂದರೆ ಫಿಸಿಕ್ಸ್ ಸೈಕಲ್‌ನಲ್ಲಿದ್ದೇನೆ. ಈ ನೆರವು ನನಗೂ ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯ ಮೊದಲ ವರ್ಷದ ಪತ್ರಿಕೆಯಲ್ಲಿ ಲೇಸರ್, ಆಪ್ಟಿಕಲ್ ಫೈಬರ್, ಕ್ವಾಂಟಂ ಯಂತ್ರಶಾಸ್ತ್ರದಂಥ ವಿಷಯಗಳು ಬರುತ್ತವೆ, ಮತ್ತು ಇವೆಲ್ಲವೂ ಒಂದೇ ಸೆಮಿಸ್ಟರಿನಲ್ಲಿ ಮುಗಿಯಬೇಕು. ಕೆಮಿಸ್ಟ್ರಿ ಸೈಕಲ್‌ಗೆ ದಾಟಿದ ಮೇಲೆ ಇದರ ಮುಖ ನೋಡುವ ಅಗತ್ಯವಿಲ್ಲ ಎಂದು ಡೆರಿವೇಶನ್‌ಗಳನ್ನು ಬಾಯಿಪಾಠ ಮಾಡುವವರೇ ಹೆಚ್ಚು. ಎಲೆಕ್ಟ್ರಾನಿಕ್ಸ್ ಆಯ್ಕೆ ಮಾಡಿಕೊಂಡವರಿಗೆ ಅರೆವಾಹಕಗಳ ಪಾಠದಲ್ಲಿ ಇದೇ ಕ್ವಾಂಟಂ ಮತ್ತೆ ಎದುರಾಗುತ್ತದೆ ಎಂಬುದನ್ನು ಈಗಲೇ ತಿಳಿಸಿರುತ್ತೇವೆ.

ಸೆಮಿಸ್ಟರಿನ ಯಾವ ಹಂತದಲ್ಲಿ ಬಂದರೆ ಪ್ರಯೋಜನ ಹೆಚ್ಚು?

ಎರಡನೆಯ ಅಥವಾ ಮೂರನೆಯ ವಾರದಲ್ಲಿ. ಇಂಟರ್ನಲ್ಸ್‌ಗೆ ಎರಡು ದಿನವಿರುವಾಗ ಕೊಠಡಿ ತುಂಬಿರುತ್ತದೆ, ನೀವು ಆತಂಕದಲ್ಲಿರುತ್ತೀರಿ, ಆಗ ನಮ್ಮಿಂದಾಗುವುದು ತೇಪೆ ಹಾಕುವ ಕೆಲಸ ಮಾತ್ರ. ಯಂತ್ರಶಾಸ್ತ್ರದಲ್ಲಿ ಮೂರನೇ ವಾರದ ಗೊಂದಲ ಬಗೆಹರಿಯದಿದ್ದರೆ ಎಂಟನೇ ವಾರದ ಕೋನೀಯ ಸಂವೇಗ ಅರ್ಥವಾಗುವ ಸಂಭವ ಕಡಿಮೆ.

ಸೀನಿಯರ್‌ಗಳ ನೋಟ್ಸ್ ಮತ್ತು ಹಳೆಯ ಪ್ರಶ್ನೆಪತ್ರಿಕೆಗಳನ್ನು ನಂಬಬಹುದೇ?

ಯಾವ ವರ್ಷದವೆಂದು ನೋಡಿ ನಂಬಿ. ಕರ್ನಾಟಕದಲ್ಲಿ 2021–22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪದವಿಯ ಪಠ್ಯಕ್ರಮ ಬದಲಾಯಿತು. 2024–25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಈ ನಡುವೆ ಪತ್ರಿಕೆಗಳ ಹೆಸರು, ಅಧ್ಯಾಯಗಳ ಹಂಚಿಕೆ, ಅಂಕಗಳ ವಿನ್ಯಾಸ ಎಲ್ಲವೂ ಅತ್ತಿತ್ತ ಆಗಿವೆ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ನೋಟ್ಸ್ ಯಾವ ಸ್ಕೀಮಿನದೆಂದು ವಿಚಾರಿಸದೆ ಕೊಳ್ಳುವುದು ದುಡ್ಡು ದಂಡ.

ಚಾಟ್‌ಬಾಟ್ ಕೇಳಿದರೆ ಎಲ್ಲ ಲೆಕ್ಕವನ್ನೂ ಬಿಡಿಸುತ್ತದೆ. ಹಾಗಿದ್ದಮೇಲೆ ನಿಮ್ಮ ಬಳಿ ಏಕೆ ಬರಬೇಕು?

ಅದು ಬಿಡಿಸುತ್ತದೆ, ಆದರೆ ಪರೀಕ್ಷೆ ಬರೆಯುವವರು ನೀವು. ಉಪಯೋಗಿಸಲೇಬೇಡಿ ಎಂದು ಹೇಳುವಷ್ಟು ಹಟ ನಮಗಿಲ್ಲ. ಉತ್ತರ ಕೇಳುವ ಬದಲು ನೀವು ಬರೆದದ್ದನ್ನು ಕೊಟ್ಟು ಇದರಲ್ಲಿ ತಪ್ಪೆಲ್ಲಿದೆ ಎಂದು ಕೇಳಿ. ಬಂದ ವಿವರಣೆಯ ಏಕಮಾನಗಳು ಎರಡೂ ಬದಿಗೆ ಸರಿಹೊಂದುತ್ತವೆಯೇ ಎಂದು ನೀವೇ ಪರಿಶೀಲಿಸಿ. ಸೊಗಸಾದ ಭಾಷೆಯಲ್ಲಿ ಬಂದ ತಪ್ಪನ್ನು ಹಿಡಿಯಲು ಅದೇ ಮೊದಲ ಜರಡಿ. ವಿವರಣೆ ಅನುಮಾನ ಹುಟ್ಟಿಸಿದರೆ ಅದನ್ನೇ ಮೇಜಿಗೆ ತನ್ನಿ, ಬೈಯುವುದಿಲ್ಲ.

ಖಾಸಗಿ ಟ್ಯೂಷನ್‌ಗೆ ಸೇರಬೇಕೇ?

ಬೆಂಗಳೂರಿನಲ್ಲಿ ಮಲ್ಲೇಶ್ವರ, ರಾಜಾಜಿನಗರ, ವಿಜಯನಗರ, ಜಯನಗರ ಎಂದು ಎತ್ತ ಹೋದರೂ ಟ್ಯೂಷನ್ ಬೋರ್ಡುಗಳಿವೆ. ಆದರೆ ಅವುಗಳಲ್ಲಿ ಬಹುಪಾಲು ಪಿಯುಸಿ, ಸಿಇಟಿ, ನೀಟ್ ಮತ್ತು ಜೆಇಇಗಾಗಿ ಇರುವಂಥವು. ಸೇರಲೇಬೇಕೆಂದಿದ್ದರೆ ನಿಮ್ಮ ವಿಶ್ವವಿದ್ಯಾಲಯದ ಪಠ್ಯಕ್ರಮದ ಪ್ರತಿಯನ್ನು ಜೊತೆಗೊಯ್ದು ತೋರಿಸಿ, ಒಂದು ತರಗತಿಯಲ್ಲಿ ಕೂತು ನೋಡಿ, ಆಮೇಲೆ ಹಣ ಕಟ್ಟಿ. ಪರೀಕ್ಷೆಗೆ ಬರುವ ಹತ್ತು ಪ್ರಶ್ನೆ ಗ್ಯಾರಂಟಿ ಎನ್ನುವವರಿಂದ ದೂರವಿರಿ.

ನೆಲಮಂಗಲದಿಂದ ಓಡಾಡುತ್ತೇನೆ, ಸಂಜೆ ಉಳಿಯಲು ಆಗುವುದಿಲ್ಲ.

ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯಿಂದ ಬರುವವರ ಬಸ್ಸಿನ ತಾಪತ್ರಯ ನಮಗೆ ಗೊತ್ತು. ಅಂಥವರು ಊಟದ ಬಿಡುವಿನಲ್ಲಿ ಬರಬಹುದು. ಅದೂ ಆಗದಿದ್ದರೆ ನೀವು ಬಿಡಿಸಿದ ಹಾಳೆಯ ಫೋಟೊ ಕಳಿಸಿ, ಫೋನಿನಲ್ಲಿ ಮಾತನಾಡುತ್ತೇವೆ. ಮುಖಾಮುಖಿ ಭೇಟಿಯಷ್ಟು ಫಲ ಇದರಲ್ಲಿಲ್ಲ, ಏಕೆಂದರೆ ವಿದ್ಯಾರ್ಥಿಯ ಪೆನ್ನು ಯಾವ ಸಾಲಿನಲ್ಲಿ ತಡವರಿಸಿತು ಎಂಬುದು ಫೋಟೊದಲ್ಲಿ ಕಾಣುವುದಿಲ್ಲ.

ಬ್ಯಾಕ್‌ಲಾಗ್ ಉಳಿದಿದೆ. ಜೂನಿಯರ್‌ಗಳ ಜೊತೆ ಕೂರಲು ಮುಜುಗರ.

ಬೇರೆ ಹೊತ್ತು ಕೇಳಿಕೊಂಡರೆ ಕೊಡುತ್ತೇವೆ. ಬರುವಾಗ ಹಿಂದಿನ ಉತ್ತರಪತ್ರಿಕೆಯ ನಕಲು ಸಿಗುವುದಾದರೆ ತೆಗೆದುಕೊಂಡು ಬನ್ನಿ. ಎಲ್ಲಿ ಅಂಕ ಹೋಗಿದೆ ಎಂಬುದು ನಿಮ್ಮ ನೆನಪಿಗಿಂತ ಅದರಲ್ಲಿ ಸ್ಪಷ್ಟವಾಗಿರುತ್ತದೆ.

ಕಾಲೇಜಿನ ಹೊರಗೆ, ಖರ್ಚಿಲ್ಲದೆ, ಇನ್ನೇನು ನೆರವು ಸಿಗುತ್ತದೆ?

ಈ ವಿಷಯದಲ್ಲಿ ಬೆಂಗಳೂರಿನವರು ಪುಣ್ಯವಂತರು. ಭೌತಶಾಸ್ತ್ರದ ಮೇಷ್ಟರಾಗಿದ್ದ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಸಾರ್ವಜನಿಕ ವಿಜ್ಞಾನ ಉಪನ್ಯಾಸಗಳನ್ನು ನಡೆಸುತ್ತ ಬಂದಿದೆ. ಹೈಗ್ರೌಂಡ್ಸ್‌ನ ಜವಾಹರಲಾಲ್ ನೆಹರು ತಾರಾಲಯವು ಪದವಿ ವಿದ್ಯಾರ್ಥಿಗಳಿಗಾಗಿಯೇ ವಾರಾಂತ್ಯದ ಭೌತವಿಜ್ಞಾನ ತರಗತಿಗಳನ್ನು ನಡೆಸಿಕೊಂಡು ಬಂದಿದೆ; ಪಠ್ಯದಾಚೆಗೆ ಹಸಿವಿರುವವರು ಅಲ್ಲಿ ವಿಚಾರಿಸಬೇಕು. ಐಐಟಿಗಳು ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟೆಲ್‌ನಲ್ಲಿ ಉಪನ್ಯಾಸಗಳನ್ನು ಉಚಿತವಾಗಿ ನೋಡಬಹುದು. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳಲ್ಲಿ ಹಲವು ಕನ್ನಡದಲ್ಲೂ ಇವೆ, ಲೋಲಕದ ಉದ್ದವನ್ನು ಮೊಬೈಲಿನಲ್ಲೇ ಬದಲಿಸಿ ನೋಡಬಹುದು. ಇವು ಯಾವುವೂ ನಾಳಿನ ಟೆಸ್ಟಿಗೆ ಸಹಾಯ ಮಾಡುವುದಿಲ್ಲ, ಅದಕ್ಕಾಗಿ ಅಲ್ಲಿಗೆ ಹೋಗಲೂ ಬೇಡಿ.

ಮೊದಲ ಸಲ ಬರುವಾಗ ಏನನ್ನು ತರಬೇಕು?

ಪಠ್ಯಕ್ರಮದ ಪ್ರತಿ, ತರಗತಿಯ ನೋಟ್ಸ್, ನಿಮ್ಮದೇ ಕ್ಯಾಲ್ಕುಲೇಟರ್, ಮತ್ತು ನೀವು ಬಿಡಿಸಲು ಹೊರಟು ನಿಂತುಹೋದ ಲೆಕ್ಕವಿರುವ ಹಾಳೆ. ತಪ್ಪಾದ ಸಾಲುಗಳನ್ನು ಅಳಿಸಿ, ಹೊಸ ಹಾಳೆಯಲ್ಲಿ ಅಂದವಾಗಿ ಬರೆದು ತರಬೇಡಿ. ನಮಗೆ ಬೇಕಾಗಿರುವುದು ಆ ಹೊಡೆದುಹಾಕಿದ ಸಾಲುಗಳೇ.